ಆನಾ ಟೀಚರ್‌ಗೆ ನಾನು ಹೇಳಿದ ಸುಳ್ಳು

ನಾನು ಕಟ್ಟಿಗೆ ಗೊಂಬೆಗಳಿಗೆ ಬಣ್ಣ ಹಚ್ಚುವ ಕಿನ್ನಾಳದ ಅಂಗಡಿಗೆ ಇವತ್ತು ವಿದೇಶದ ಹೆಂಗಸೊಬ್ಬರು ಬಂದರು. ಬಿಸಿಲಿಗೆಂದು ಅವರು ಹಚ್ಚಿಕೊಂಡಿದ್ದ ಕ್ರೀಮಿನ ವಾಸನೆ ಮೂಗಿಗೆ ಬಡಿದದ್ದೇ ನಾನು ಮತ್ತೆ ನಮ್ಮೂರ ಶಾಲೆಯ ಗೋಣಿತಟ್ಟಿನ ಮೇಲಿದ್ದೆ.

ಆನಾ ಟೀಚರ್ ಹತ್ತಿರವೂ ಇದೇ ವಾಸನೆ. ಸಂಬಳವಿಲ್ಲದೆ ನಮಗೆ ಇಂಗ್ಲಿಷ್ ಕಲಿಸಲು ಪೋಲೆಂಡಿನಿಂದ ಬಂದಿದ್ದರು. ಪಾಠ ಮುಗಿಸಿ, ಹೊಸದಾಗಿ ಕಲಿತ ಕನ್ನಡದಲ್ಲಿ "ತಿಳೀತೇನು?" ಎಂದರೆ ಎಲ್ಲರೂ "ಹೂಂರಿ!" ಎನ್ನುತ್ತಿದ್ದೆವು. ದೂರದಿಂದ ಬಂದವರಿಗೆ ಇಲ್ಲ ಎನ್ನಬಾರದೆಂದು ಮನೆಯಲ್ಲಿ ಹೇಳಿಕೊಟ್ಟಿದ್ದರು. ಒಂದು ದಿನ ತಡೆಯಲಾರದೆ ಎದ್ದು ನಿಂತೆ.

"ಯಾರಿಗೂ ಏನೂ ತಿಳಿದಿಲ್ರಿ."

"ಊರ ಮರ್ಯಾದಿ ಕಳೀತಿಯೇನಬೇ?" ಎಂದು ಹೆಡ್‌ಮಾಸ್ತರರು ಗದರಿದರು. ಟೀಚರ್ ಬಿಡದೆ ಅವರಿಂದಲೇ ನನ್ನ ಮಾತಿನ ಅರ್ಥ ಹೇಳಿಸಿಕೊಂಡು, ನಕ್ಕು, ಪಾಠವನ್ನು ಮೊದಲಿನಿಂದ ಶುರುಮಾಡಿದರು. ಆಮೇಲೆ ದಿನವೂ ನನ್ನನ್ನೇ ಮೊದಲು ಕೇಳುತ್ತಿದ್ದರು.

ತಮ್ಮ ದೇಶಕ್ಕೆ ಹೊರಟ ದಿನ ಟೀಚರ್ ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೋ ಕೇಳಿದರು.

"ಸಾಲಿ ಬಿಡಾಂಗಿಲ್ಲ ಹೌದಿಲ್ಲೋ ಅಂತ ಕೇಳಾಕತ್ತಾರ" ಎಂದರು ಮಾಸ್ತರರು. "ನೀ ಹೇಳಿದ್ರ ನಂಬ್ತಾರಂತ."

ಒಂದೇ ಕಡೆ ಕೂತು ಕೂತು ಶಾಲೆ ಆಗಲೇ ನನಗೆ ಬೇಸರವಾಗಿತ್ತು, ಬಿಡುವ ಮನಸ್ಸೂ ಇತ್ತು. ಆದರೆ ಟೀಚರ್ ಕಣ್ಣುಗಳು ಒದ್ದೆಯಾಗಿದ್ದವು. "ಹೂಂರಿ" ಎಂದುಬಿಟ್ಟೆ.

ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ.

ಇವತ್ತು ಬಂದ ಹೆಂಗಸು ಕೊಂಡ ಗೊಂಬೆಯನ್ನು ಕಾಗದದಲ್ಲಿ ಕಟ್ಟಿಸಿಕೊಳ್ಳುತ್ತಾ, ಶಾಲೆಗೆ ಹೋಗುತ್ತೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ, ಬಿಟ್ಟಿದ್ದೇನೆ ಎಂದೆ, ಆನಾ ಟೀಚರ್ ಕಲಿಸಿದ ಇಂಗ್ಲಿಷಿನಲ್ಲೇ. ಆದರೆ ಅದನ್ನು ಹೇಳಬೇಕಾಗಿದ್ದುದು ಇವರಿಗಲ್ಲ.