ಸಿಂಚನಾ ಜಗಳವಾಡಿದ ದಿನ

ಕೊರೊನಾ ಮುಗಿದ ಮರುವರ್ಷ ನಾನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದೆ. ಹಂಗಳದಾಚೆಯ ಒಂದು ಊರಿನಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರವಿತ್ತು. ಊರವರ ಬಾಯಲ್ಲಿ ಅದು ಕೂಸಿನ ಮನೆ. ಮಂಜುಳಾ ತನ್ನ ಎರಡೂವರೆ ವರ್ಷದ ಮಗಳು ಸಿಂಚನಾಳನ್ನು ಅಲ್ಲಿ ಬಿಟ್ಟು ಚೆಂಡುಹೂ ಕೀಳಲು ಹೋಗುತ್ತಿದ್ದಳು.

ಮಗು ಮಾತಾಡುತ್ತಿಲ್ಲವೆಂದು ಮಂಜುಳಾಳ ಅತ್ತೆ ಪುಟ್ಟಮ್ಮ ದೂರು ತಂದರು. “ಮಗೀನ ಕಂಡೋರ ಕೈಗೆ ಕೊಟ್ಬುಟ್ಟು ಓಯ್ತಳೆ. ಮಾತು ಎಲ್ಲಿಂದ ಬಂದದು? ನಾಳಿಂದ ಇವ್ಳೂ ಮನೇಲೇ ಇರ್ಲಿ ಬುಡಿ ಮೇಡಂ.”

ಮಂಜುಳಾ ಜಗ್ಗಲಿಲ್ಲ. “ಕೆಲ್ಸ ಬುಡಕಿಲ್ಲ. ಇವ್ರ ಮಗ ಲಾರೀಲಿ ಕೇರಳಕ್ಕೆ ಓದ್ರೆ ಯಾರೂ ಕೇಳಕಿಲ್ಲ. ನಾನು ಹೂ ಕೀಳಕೆ ಓದ್ರೆ ಮಗಿ ಮೂಗಿ ಆಯ್ತದಾ?”

“ಮನೆಯವರು ಬೇಡ ಅಂದರೆ ಬಿಟ್ಟುಬಿಡಿ” ಎಂದರು ನನ್ನ ಮೇಲಧಿಕಾರಿ. ನಾನು ಬಿಡಲಿಲ್ಲ.

ಚಾಮರಾಜನಗರದಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು, ದೋಷವಿರಲಿಲ್ಲ. ಸ್ಪೀಚ್ ಡಿಲೇ, ಅಂದರೆ ವಯಸ್ಸಿಗೆ ತಕ್ಕ ಮಾತು ತಡವಾಗುವುದು, ಇದೆಯೇ ಎಂದು ತಿಳಿಯಲು ಮಗುವನ್ನು ಅದು ಇರುವಲ್ಲೇ ನೋಡಬೇಕು. ಮೊದಲು ಮನೆಗೆ ಹೋದೆ. ಸಿಂಚನಾ ಕೊಡದತ್ತ ಕಣ್ಣು ಹಾಯಿಸಿದರೆ ಸಾಕು, ಅಜ್ಜಿ ನೀರು ಕುಡಿಸುತ್ತಿದ್ದರು. ಕೈ ಚಾಚುವ ಮೊದಲೇ ತುತ್ತು ಬಾಯಲ್ಲಿ. ಆ ಮನೆಯಲ್ಲಿ ಮಗುವಿಗೆ ಏನನ್ನೂ ಕೇಳುವ ಅಗತ್ಯವಿರಲಿಲ್ಲ.

ಮರುದಿನ ಅತ್ತೆ ಸೊಸೆ ಇಬ್ಬರನ್ನೂ ಮಗುವಿಗೆ ಕಾಣದಂತೆ ಕೂಸಿನ ಮನೆಯ ಅಡುಗೆಕೋಣೆಯ ಬಾಗಿಲ ಹಿಂದೆ ಕೂರಿಸಿದೆ. ಊಟದ ಹೊತ್ತಿಗೆ ಒಬ್ಬ ಪೋರ ಸಿಂಚನಾಳ ತಟ್ಟೆ ಎಳೆದುಕೊಂಡ.

“ಏ ಬುಡ್ಲಾ! ನಂದು ಕಣ್ಲಾ!”

ಸಿಂಚನಾಳ ಆ ಕೂಗು ನನ್ನ ನೆನಪಿನಲ್ಲಿರುವಷ್ಟು ಜೋರಾಗಿತ್ತೋ ಇಲ್ಲವೋ. ವರ್ಷ ಕಳೆದಂತೆ ನಾನೇ ದನಿ ಏರಿಸಿರಬಹುದು. ಮಾತುಗಳು ಮಾತ್ರ ಅವೇ.

“ಅಯ್ಯೋ, ಗಂಡೈಕ್ಳಂಗೆ ಬೈತಳಲ್ಲ!” ಎಂದರು ಪುಟ್ಟಮ್ಮ.

“ಮೂಗಿ ಅಂತೀರೋ ಬಾಯ್ಬಡ್ಕಿ ಅಂತೀರೋ, ಯಾವ್ದಾದ್ರೂ ಒಂದು ಏಳಿ ಅತ್ತೆ,” ಎಂದು ಮಂಜುಳಾ ಹೂವಿನ ಚೀಲ ಹೆಗಲಿಗೇರಿಸಿ ಹೊರಟಳು.

ಸಿಂಚನಾ ಈಗ ಒಂದನೇ ತರಗತಿ. ಅವಳ ಬಾಯಿ ಮುಚ್ಚಿಸುವುದೇ ಟೀಚರಿಗೆ ಕೆಲಸ. ಕೂಸಿನ ಮನೆಯಿಂದಲೇ ಹೀಗಾದಳೆಂದು ಭಾಷಣ ಮಾಡಿ ಎನ್ನುತ್ತಾರೆ ಇಲಾಖೆಯವರು. ಮಾಡುವುದಿಲ್ಲ. ಮನೆಯಲ್ಲಿದ್ದರೂ ಅವಳು ಮಾತು ಕಲಿಯುತ್ತಿದ್ದಳೇನೋ, ನನಗೆ ಗೊತ್ತಿಲ್ಲ. ಆದರೆ ಮಗುವಿನ ಮಾತಿಗೆ ಕಾಯುವವರು ಯಾರಿದ್ದಾರೆಂದು ನೋಡದೆ, ತಾಯಿಯ ದುಡಿಮೆಯ ಮೇಲೆ ತಪ್ಪು ಹೊರಿಸಲು ಇಂದಿಗೂ ಯಾರನ್ನೂ ಬಿಡುವುದಿಲ್ಲ. ನೌಕರಿ ನನಗೆ ಕಲಿಸಿದ್ದು ಇಷ್ಟು.

ಕಳೆದ ಸಲ ಹೋದಾಗ ಮಂಜುಳಾ ಹೊಲದಲ್ಲಿದ್ದಳು. ಪುಟ್ಟಮ್ಮ ನೀರಿನ ಲೋಟ ಹಿಡಿದು ಸಿಂಚನಾಳ ಪುಟ್ಟ ತಮ್ಮನೆದುರು ಕೂತಿದ್ದರು.

“ಬಾಯ್ಬುಟ್ಟು ಕೇಳ್ಲಾ. ಕೇಳ್ದೆ ಕೊಡಕಿಲ್ಲ.”