ಅತ್ತೆಯ ಹೊಸ ಹಲ್ಲು

ಸ್ನೇಹಿತರೇ, ಎಪ್ಪತ್ತೆರಡು ವರ್ಷದ ಅತ್ತೆಯ ಮೇಲೆ ಇವತ್ತು ನನಗೆ ಹೊಟ್ಟೆಕಿಚ್ಚಾಯಿತು. ಬೆಳಿಗ್ಗೆ ದುರ್ಗಿಗುಡಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ಅವರಿಗೆ ಹೊಸ ಹಲ್ಲುಸೆಟ್ ಕೂರಿಸಿ ಕನ್ನಡಿ ಕೊಟ್ಟರು. ಅತ್ತೆ ಬಾಯ್ತುಂಬ ನಕ್ಕರು. ನಾನೋ, ಸೊಟ್ಟ ಹಲ್ಲಿಗೆ ನಾಚಿ ಮದುವೆ ಫೋಟೋದಲ್ಲೂ ತುಟಿ ಬಿಗಿದುಕೊಂಡು ನಿಂತವಳು.

"ಸೊಸೆಗಿಂತ ನೀವೇ ಚೆನ್ನಾಗಿ ಕಾಣ್ತೀರಿ ಅಜ್ಜಿ," ಎಂದಳು ನರ್ಸ್.

"ಅವಳಿಗೂ ಒಂದು ಕ್ಲಿಪ್ ಹಾಕಿ ಡಾಕ್ಟ್ರೇ, ಪಾಪ," ಎಂದರು ಅತ್ತೆ.

ಆ 'ಪಾಪ' ಬಸ್ಸಿನಲ್ಲಿ ಭದ್ರಾವತಿಯವರೆಗೂ ನನ್ನನ್ನು ಚುಚ್ಚುತ್ತಲೇ ಇತ್ತು. ಜನ್ನಾಪುರದ ಮನೆಗೆ ಕಾಲಿಟ್ಟವರೇ, "ಚಕ್ಕುಲಿ ತಿಂದು ಎಷ್ಟು ವರ್ಷ ಆಯ್ತು ಕಣೇ, ಸಂಜೆ ಮಾಡು," ಎಂದರು.

ಹಿಟ್ಟು ಕಲಸಲು ಕೂತಿದ್ದೇನೆ. ಬೆಣ್ಣೆ ಹಾಕದಿದ್ದರೆ ಚಕ್ಕುಲಿ ಕಲ್ಲಾಗುತ್ತದೆ ಎಂದು ನನಗೆ ಗೊತ್ತು. ಬೆಣ್ಣೆ ಡಬ್ಬಿಯ ಕಡೆ ಮಾತ್ರ ಇನ್ನೂ ಕೈ ಹೋಗಿಲ್ಲ.