ಡ್ರಿಲ್ ಮೇಷ್ಟ್ರ ಬಲಗಾಲು

ಮೊನ್ನೆ ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಒಬ್ಬರು ಬಂದು ಕೂತರು. ಕೂತರು ಅನ್ನುವುದಕ್ಕಿಂತ ಕಂತುಕಂತಾಗಿ ಇಳಿದರು ಎನ್ನಬೇಕು. ಮೊದಲು ಕೈ ಕಂಬಿಯ ಮೇಲೆ, ಆಮೇಲೆ ಎಡಗಡೆಯ ಕುಂಡೆ, ಸ್ವಲ್ಪ ಹೊತ್ತು ಬಿಟ್ಟು ಬಲಗಡೆಯದು. ಅವರ ಹಿಂದೆಯೇ ನೋವಿನ ಮುಲಾಮಿನ ವಾಸನೆಯೂ ಬಂದು ನಮ್ಮಿಬ್ಬರ ನಡುವೆ ಕೂತಿತು.

"ಸೊಂಟದಿಂದ ಹಿಮ್ಮಡಿತನಕ ಕರೆಂಟ್ ಹೊಡ್ದಂಗಾಗ್ತೈತ್ರಿ" ಎಂದರು, ನಾನು ಕೇಳದಿದ್ದರೂ.

ಹೊಳಲ್ಕೆರೆ ಬರುವಷ್ಟರಲ್ಲಿ ಅವರಿಗೆ ನಾನು ಆರು ಸಲಹೆ ಕೊಟ್ಟಿದ್ದೆ. ಏಳನೆಯದಕ್ಕೆ ಬಾಯಿ ತೆರೆಯುವಾಗ ಅವರು ಎದ್ದು ಇಳಿದುಹೋದರು. ಅವರು ಹೊಸದುರ್ಗದ ಟಿಕೆಟ್ಟು ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಬೇಜಾರಾಗಲಿಲ್ಲ ಬಿಡಿ. ಕಾಲುನೋವಿನವನಿಗೆ ಸಲಹೆ ಕೊಡುವವರು ಎಂಥ ಪ್ರಾಣಿಗಳು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಕಾಲದಲ್ಲಿ ನಾನೂ ಅವರಿಂದ ತಪ್ಪಿಸಿಕೊಳ್ಳಲು ಎಲ್ಲೆಲ್ಲೋ ಇಳಿದವನು. ಆ ವಾಸನೆ ಮಾತ್ರ ಹೊಸದುರ್ಗದವರೆಗೂ ಸೀಟು ಬಿಡಲಿಲ್ಲ. ಅದರ ಜೊತೆ ಹಳೆಯದೆಲ್ಲ ನೆನಪಾಯಿತು.

ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಸರ್ಕಾರದ ಕಾಗದದಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳ ಬಾಯಲ್ಲಿ ಏನೇನೋ. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಪೀಪಿ. ಬೆಳಗಿನ ಪ್ರಾರ್ಥನೆಯ ಸಾಲುಗಳು ದಾರ ಹಿಡಿದಂತೆ ನೆಟ್ಟಗಿರಬೇಕು ಎನ್ನುವುದೇ ನನ್ನ ಜೀವನದರ್ಶನ. ಯಾವ ಮಗುವಾದರೂ "ಕಾಲು ನೋವು ಸಾ" ಎಂದು ಬಂದರೆ ನನ್ನದೊಂದು ಪರೀಕ್ಷೆ ಇತ್ತು. ಮೈದಾನ ಒಂದು ಸುತ್ತು ಓಡು ಎನ್ನುತ್ತಿದ್ದೆ. ಓಡಿದರೆ ನೋವು ಸುಳ್ಳು. ಓಡದಿದ್ದರೆ ಸೋಮಾರಿ. ಅಷ್ಟು ವರ್ಷದಲ್ಲಿ ಆ ಪರೀಕ್ಷೆಯಲ್ಲಿ ಒಬ್ಬರೂ ಪಾಸಾಗಲಿಲ್ಲ. ಅದು ನನ್ನ ಕಟ್ಟುನಿಟ್ಟಿಗೆ ಸಾಕ್ಷಿ ಎಂದು ನಾನು ತಿಳಿದಿದ್ದೆ.

ದೊಡ್ಡವರಿಗೂ ರಿಯಾಯಿತಿ ಇರಲಿಲ್ಲ. ನಮ್ಮಲ್ಲಿ ಸರೋಜಮ್ಮ ಎಂಬ ಹೊಲಿಗೆ ಮೇಡಂ ಇದ್ದರು. ಗಂಡನನ್ನು ಕಳೆದುಕೊಂಡವರು, ಮಾತು ಕಡಿಮೆ. ಸಂಧಿವಾತದಿಂದ ಅವರ ಬೆರಳುಗಳೆಲ್ಲ ಒಂದೊಂದು ದಿಕ್ಕಿಗೆ ತಿರುಗಿದ್ದವು, ಮೊಣಕಾಲುಗಳೂ ಹಿಡಿದಿದ್ದವು. ಪ್ರಾರ್ಥನೆಯ ಹೊತ್ತಿಗೆ ತನಗೊಂದು ಕುರ್ಚಿ ಹಾಕಿಸಲು ಆಗುತ್ತದೆಯೇ ಎಂದು ಅವರು ಹೆಡ್‌ಮಾಸ್ಟರನ್ನು ಕೇಳಿದರಂತೆ. ಶಿಸ್ತಿನ ವಿಷಯ ನನ್ನದು ಎಂದು ಹೆಡ್‌ಮಾಸ್ಟರು ನನ್ನ ಕಡೆ ಕಳಿಸಿದರು.

"ಮೇಡಂ, ನೀವು ಕುಂತ್ರೆ ನಾಳೆ ಮಕ್ಕಳೂ ಕುಂತ್ಕಂತಾರೆ. ಹತ್ತು ನಿಮಿಷ ನಿಂತ್ಕಳಾಕೆ ಏನ್ರಿ ಕಷ್ಟ?" ಎಂದೆ.

"ಆಯ್ತು ಬಿಡ್ರಿ" ಎಂದು ಅವರು ಹೋದರು. ಅವತ್ತಿನಿಂದ ಜಗಲಿಯ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಆ ಕಂಬ ನಾನು ನಿಲ್ಲುವ ಜಾಗದ ಹಿಂದೆಯೇ ಇತ್ತು. ಹನ್ನೊಂದು ವರ್ಷ ಅವರು ನನ್ನ ಬೆನ್ನು ನೋಡಿಕೊಂಡು ನಿಂತರು.

ಇನ್ನು ನನ್ನ ಗುಟ್ಟು. ತೊಂಬತ್ತರ ದಶಕದ ನಡುವಿನಲ್ಲಿ, ಗಾಯವೊಂದು ವಾಸಿಯಾಗುತ್ತಿಲ್ಲವೆಂದು ಚಿತ್ರದುರ್ಗದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಎಂದರು. ಊರಿಗೆಲ್ಲ ಬಸ್ಕಿ ಹೊಡೆಸುವವನಿಗೆ ಸಕ್ಕರೆ ಕಾಯಿಲೆ! ಹೆಂಡತಿ ಗಿರಿಜೆಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಾಗಬಾರದೆಂದು ಮಾತ್ರೆಗಳನ್ನು ಆಟದ ಸಾಮಾನಿನ ಕೋಣೆಯಲ್ಲಿ, ಖಾಲಿ ಶಟಲ್ ಕಾಕ್ ಡಬ್ಬಿಯೊಳಗೆ ಇಟ್ಟುಕೊಂಡೆ. ಮಧ್ಯಾಹ್ನ ಊಟಕ್ಕೆ ಮುಂಚೆ ಕಳ್ಳನ ಹಾಗೆ ಹೋಗಿ ನುಂಗಿ ಬರುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರ ಹುಟ್ಟುಹಬ್ಬದ ಜಹಾಂಗೀರು ಬಂದರೂ ಎಲ್ಲರಿಗಿಂತ ಮೊದಲು ಕೈ ಹಾಕುತ್ತಿದ್ದೆ, ಅನುಮಾನ ಬರದಿರಲೆಂದು. ಇಷ್ಟವಿತ್ತು ಅನ್ನುವುದೂ ನಿಜ.

ಎರಡು ವರ್ಷದ ಮೇಲೆ ಕಾಲಿನ ಸರದಿ. ಸ್ವಾತಂತ್ರ್ಯ ದಿನಾಚರಣೆಯ ತಾಲೀಮು ನಡೆಯುತ್ತಿತ್ತು. ಕಾಲು ಎಷ್ಟು ಎತ್ತರಕ್ಕೆ ಎತ್ತಬೇಕೆಂದು ತೋರಿಸಲು ನನ್ನ ಬಲಗಾಲು ಎತ್ತಿದೆ. ಸೊಂಟದಿಂದ ಹಿಮ್ಮಡಿಯವರೆಗೆ ಯಾರೋ ಕಾದ ತಂತಿ ಎಳೆದಂತಾಯಿತು. ಕಾಲು ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು, ಆದರೆ ಮುಂದಿನ ಆಜ್ಞೆ ಹೊರಡಲಿಲ್ಲ. ನಾನೂರು ಮಕ್ಕಳು ನಾನು ಕಲಿಸಿದ ಶಿಸ್ತಿನಿಂದ ಒಂದು ಕಾಲು ಎತ್ತಿಕೊಂಡು ನನ್ನನ್ನೇ ನೋಡುತ್ತಾ ನಿಂತರು. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ದೊಪ್ಪೆಂದು ಬಿದ್ದಳು. ಅವಳ ಹಿಂದೆ ಸಾಲೇ ಬಿತ್ತು.

ಬೆನ್ನಿನಲ್ಲಿ ನರ ಒತ್ತಿಕೊಂಡಿದೆ, ಸಯಾಟಿಕಾ ಇದ್ದ ಹಾಗಿದೆ, ಮಲಗಿರಿ ಎಂದರು ಡಾಕ್ಟರು. ಮಲಗಿದರೆ ಮಗ್ಗುಲು ಬದಲಿಸಲು ಆಗದು. ಕೂತರೆ ಏಳಲು ಆಗದು. ಸೀನು ಬಂದರೆ ಗೋಡೆ ಹಿಡಿದುಕೊಳ್ಳಬೇಕು. ಆದರೆ ಊತವಿಲ್ಲ, ಗಾಯವಿಲ್ಲ, ಬ್ಯಾಂಡೇಜಿಲ್ಲ; ಜನರಿಗೆ ತೋರಿಸಲು ಏನೂ ಇಲ್ಲ. ರಜಾ ಅರ್ಜಿ ಹಿಡಿದು ಹೋದರೆ ಹೆಡ್‌ಮಾಸ್ಟರು ನಕ್ಕರು.

"ಡ್ರಿಲ್ ಮೇಷ್ಟ್ರಿಗೇ ಕಾಲುನೋವು ಅಂದ್ರೆ ಎಂಗ್ರಿ? ಮೈದಾನ ಒಂದ್ ರೌಂಡ್ ಓಡಿ ಬರ್ರಿ, ಬಿಟ್ಟೋಗ್ತೈತೆ."

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಸರೋಜಮ್ಮನವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಅವರು ಮಾತ್ರ ನಗಲಿಲ್ಲ, ತಲೆಯೂ ಎತ್ತಲಿಲ್ಲ.

ಕಾಲುನೋವನ್ನು ನಾನು ಮುಚ್ಚಿಡಲಿಲ್ಲ, ಮುಚ್ಚಿಡಲು ಆಗುವಂಥದ್ದೂ ಅಲ್ಲ. ಸುದ್ದಿ ಐಮಂಗಲದಲ್ಲಿದ್ದ ನಮ್ಮಕ್ಕನಿಗೆ ಮುಟ್ಟಿತು. ತಾಯಿಯಿಲ್ಲದ ನನ್ನನ್ನು ಎತ್ತಿ ಬೆಳೆಸಿದವಳು. "ನಮ್ ತಮ್ಮ ಕಬ್ಬಿಣ" ಎಂದು ಐಮಂಗಲದಲ್ಲೆಲ್ಲ ಹೇಳಿಕೊಂಡು ತಿರುಗುವವಳು. ಸೊಂಟಕ್ಕೆ ಬಲ ಬರಲೆಂದು ಈ ಕಬ್ಬಿಣದ ತಮ್ಮನಿಗೆ ಒಂದು ದೊಡ್ಡ ಡಬ್ಬಿ ಅಂಟಿನ ಉಂಡೆ ಕಟ್ಟಿಕೊಂಡು ಬಂದಳು. ಬೆಲ್ಲ, ಕೊಬ್ಬರಿ, ಉತ್ತುತ್ತಿ, ತುಪ್ಪದಲ್ಲಿ ಹುರಿದ ಅಂಟು. ದಿನಕ್ಕೆ ಎರಡು, ಅವಳು ನಮ್ಮಲ್ಲಿ ಇರುವಷ್ಟು ದಿನ ಅವಳ ಕಣ್ಣ ಮುಂದೆಯೇ ತಿನ್ನಬೇಕು.

ಗಿರಿಜೆ ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು. "ರೀ, ಹೇಳಿಬಿಡ್ರಿ ಅಕ್ಕಂಗೆ. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ಹೇಳಿದ್ರೆ ನೋಡು" ಎಂದೆ. ನೋಡಿದರೆ ಏನಾಗುತ್ತದೆಂದು ನನಗೂ ಗೊತ್ತಿರಲಿಲ್ಲ. ಆದರೂ ಅವಳು ಹೇಳಲಿಲ್ಲ. ನನ್ನ ದೊಡ್ಡ ಗಂಟಲಿಗೆ ಮನೆಯಲ್ಲೂ ಅಷ್ಟು ಬೆಲೆ ಇತ್ತು. ಒಂದು ತಿಂಗಳಲ್ಲಿ ಡಬ್ಬಿ ಖಾಲಿಯಾಯಿತು. ಇನ್ನೊಂದು ಬಂತು.

ಉಂಡೆಗೆ ನೋವು ಬಗ್ಗಲಿಲ್ಲ. ಅಕ್ಕ ನನ್ನನ್ನು ಹಿರಿಯೂರಿನ ಕಡೆ, ಬಬ್ಬೂರು ದಾಟಿದ ಮೇಲೆ ಒಂದು ಹಳ್ಳಿಯಲ್ಲಿದ್ದ ನಾಟಿ ವೈದ್ಯರ ಹತ್ತಿರ ಎಳೆದುಕೊಂಡು ಹೋದಳು. ಇಲ್ಲಿ ನೀವು ತಾಯಿತ, ನಿಂಬೆಹಣ್ಣು, ಹೊಗೆಯನ್ನು ನಿರೀಕ್ಷಿಸುತ್ತಿದ್ದರೆ ಕ್ಷಮಿಸಿ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಶುದ್ಧ ಮನುಷ್ಯ. ನಾನು ಕಂಡ ಡಾಕ್ಟರುಗಳಿಗಿಂತ ಹೆಚ್ಚು ಪ್ರಶ್ನೆ ಕೇಳಿದರು. ಎಲ್ಲಿ ಶುರುವಾಗುತ್ತದೆ, ಕೆಮ್ಮಿದರೆ ಹೇಗೆ, ಪಾದ ಜೋಮು ಹಿಡಿಯುತ್ತದೆಯೇ. ಕೊನೆಗೆ ಕೇಳಿದರು:

"ಸಕ್ಕರೆ ಕಾಯ್ಲೆ ಏನಾರ ಐತೇನಪ್ಪ?"

ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ "ಅಯ್ಯೋ ನಮ್ ಹುಡುಗ್ಗಾ? ಕಬ್ಬಿಣ!" ಎಂದಳು. ವೈದ್ಯರು ಅವಳ ಮಾತು ಕೇಳಿಸಿಕೊಳ್ಳದವರಂತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ" ಎಂದೆ.

ಅವರು ಸೊಪ್ಪಿನ ಎಣ್ಣೆ ತೀಡಿದರು. ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ನನ್ನ ಹಿಮ್ಮಡಿಯ ಕೆಳಗಿಟ್ಟರು. "ಬಿಸಿ ತಡಿಯಾಕಾಗದಿದ್ರೆ ತಕ್ಷಣ ಹೇಳಪ್ಪ" ಎಂದರು. ನಾನು ಕಾದೆ. ಬಿಸಿಯೇ ಆಗಲಿಲ್ಲ. ಎರಡು ಸಲ ಕೇಳಿದರು. ಎರಡು ಸಲವೂ ಇನ್ನೂ ಇರಲಿ ಎಂದೆ. "ಗಟ್ಟಿ ಆಳು" ಎಂದು ಅವರು ಬೆರಗಾದರು. ಅಕ್ಕನ ಮುಖ ಅರಳಿತು. ಸುಳ್ಳೇಕೆ ಹೇಳಲಿ, ನನ್ನ ಎದೆಯೂ ಎರಡಂಗುಲ ಉಬ್ಬಿತು. ಸಕ್ಕರೆ ಕಾಯಿಲೆಗೆ ಪಾದದ ನರ ಸತ್ತದ್ದನ್ನು ನಾನು ಪೌರುಷ ಎಂದುಕೊಂಡೆ.

ಮನೆಗೆ ಬಂದವನು ಹಿಮ್ಮಡಿಯನ್ನು ತಿರುಗಿಸಿ ನೋಡಲಿಲ್ಲ. ಆ ಹೊತ್ತಿಗೆ ನೋವು ಉಳಿದಿದ್ದದ್ದು ತೊಡೆಯಲ್ಲಿ, ಹಿಮ್ಮಡಿಯನ್ನು ಯಾಕೆ ನೋಡಬೇಕು? ಕಾಲುಚೀಲ ಹಾಕಿ, ಶೂ ಬಿಗಿದು, ಪೀಪಿ ನೇತುಹಾಕಿ ಶಾಲೆಗೆ ಹೋದೆ. ಹೀಗೆ ಎಂಟೊಂಬತ್ತು ದಿನ.

ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋದ ಮೇಲೆ, ಹಿಂದಿನಿಂದ ಸರೋಜಮ್ಮನವರ ದನಿ ಕೇಳಿತು.

"ಮೇಷ್ಟ್ರೇ, ಶೂ ಬಿಚ್ರಿ."

ತಿರುಗಿ ನೋಡಿದೆ. ಅವರು ಕಂಬ ಬಿಟ್ಟು ನನ್ನ ಹತ್ತಿರವೇ ಬಂದಿದ್ದರು.

"ಏನ್ ಮೇಡಂ?"

"ಬಿಳಿ ಶೂ ಹಿಂದ್ಗಡೆ ಹಳದಿ ಆಗೈತೆ. ಮೂರು ದಿನದಿಂದ ನೋಡ್ತಿದೀನಿ. ಇವತ್ತು ವಾಸ್ನೆ ಬಂತು. ಬಿಚ್ರಿ."

"ಏನಿಲ್ಲ ಬಿಡ್ರಿ, ಕೆಸರು..."

"ನಿಮ್ಗೆ ಸಕ್ಕರೆ ಐತೆ" ಎಂದರು. ಪ್ರಶ್ನೆಯಾಗಿರಲಿಲ್ಲ. "ಶಟಲ್ ಡಬ್ಬೀಲಿ ಮಾತ್ರೆ ಇಟ್ಟಿರೋದು ಆಯಾ ಸಮೇತ ಎಲ್ರಿಗೂ ಗೊತ್ತೈತೆ. ನಮ್ಮನೆಯವರದ್ದೂ ಹಿಂಗೇ ಶುರುವಾಗಿದ್ದು. ಮೊದ್ಲು ಬೆರಳು ತೆಗೆದ್ರು, ಆಮೇಲೆ ಮೊಣಕಾಲು. ಆಮೇಲೆ ತೆಗೆಯಾಕೆ ಅವರೇ ಉಳೀಲಿಲ್ಲ. ಬಿಚ್ರಿ ಅಂದ್ನಲ್ಲ!"

ಇಡೀ ಶಾಲೆಗೆ ಆಜ್ಞೆ ಕೊಡುತ್ತಿದ್ದವನು ಜಗಲಿಯ ಮೇಲೆ ಕೂತು ಶೂ ಬಿಚ್ಚಿದೆ. ಕಾಲುಚೀಲದ ಜೊತೆ ಚರ್ಮವೂ ಬಂತು. ಒಳಗಿದ್ದದ್ದನ್ನು ಇಲ್ಲಿ ಬಣ್ಣಿಸುವುದಿಲ್ಲ, ನೀವೂ ಊಟ ಮಾಡಬೇಕಾದೀತು. ವಿಚಿತ್ರವೆಂದರೆ, ಅಷ್ಟಾದರೂ ಅಲ್ಲಿ ಒಂದು ಚೂರೂ ನೋವಿರಲಿಲ್ಲ. ನೋಯುತ್ತಿದ್ದದ್ದು ಗಾಯವೇ ಇಲ್ಲದ ತೊಡೆ.

ಮಧ್ಯಾಹ್ನದೊಳಗೆ ದುರ್ಗದ ಆಸ್ಪತ್ರೆಯಲ್ಲಿದ್ದೆ. ಕೊಳೆತ ಮಾಂಸ ಕತ್ತರಿಸಿ ತೆಗೆಯಬೇಕು ಎಂದರು ಡಾಕ್ಟರು. ಸೂಜಿ ಚುಚ್ಚಿ ನೋಡಿ, ಮರಗಟ್ಟಿಸುವ ಇಂಜೆಕ್ಷನ್ ಬೇಕಾಗಿಲ್ಲ ಎಂದರು. ಅವರು ಕತ್ತರಿಸುತ್ತಿದ್ದರು, ನಾನು ಕಿಟಕಿಯಲ್ಲಿ ಜೋಗಿಮಟ್ಟಿಯ ಗುಡ್ಡ ನೋಡುತ್ತಿದ್ದೆ. ಕತ್ತರಿಯ ಸದ್ದು ಬೇರೆ ಯಾರದೋ ಕಾಲಿನಿಂದ ಬರುವಂತಿತ್ತು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ನೋವಿಗೆ ಅಷ್ಟು ದಿನ ಹೆದರಿದವನು, ಅವತ್ತು ನೋವಾಗಲಿ ಎಂದು ಬೇಡಿಕೊಂಡೆ. ಆಗಲಿಲ್ಲ.

ಕಾಲು ಉಳಿಯುತ್ತದೆಯೋ ಇಲ್ಲವೋ ಹತ್ತು ದಿನ ಹೇಳಲಾಗದು ಎಂದರು. ಅಕ್ಕನಿಗೆ ಸುದ್ದಿ ಹೋಯಿತು. ಅವಳು ಆಸ್ಪತ್ರೆಗೆ ಬರುವ ಬದಲು ನೇರವಾಗಿ ಜಗಳಕ್ಕೆಂದು ನಾಟಿ ವೈದ್ಯರ ಮನೆಗೆ ಹೋದಳಂತೆ. "ನಾನು ಕೇಳಿದ್ನಲ್ಲವ್ವಾ, ನಿನ್ನ ಎದುರಿಗೇ ಇಲ್ಲ ಅಂದ" ಎಂದರಂತೆ ಅವರು. ಅಲ್ಲಿಂದ ಬಂದವಳು ನನ್ನ ಮಂಚದ ಪಕ್ಕ ನಿಂತಳು.

"ಲೇ, ಎಷ್ಟು ವರ್ಷಾತಲೇ ಈ ಕಾಯ್ಲೆ?"

"ಎರಡು."

"ನಾನು ತಂದ ಉಂಡೆ ಮತ್ಯಾಕೆ ತಿಂದೆ?"

"ಚೆನ್ನಾಗಿದ್ವು" ಎಂದೆ.

ಪಕ್ಕದ ಮಂಚದವನು ಕಿಸಕ್ಕನೆ ನಕ್ಕ. ಅಕ್ಕ ನಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, "ನನ್ ಕೈಯ್ಯಾರೆ ನಿಂಗೆ ವಿಷ ಕಟ್ಟಿಕೊಟ್ನಲ್ಲೋ. ನಿನ್ ಜಂಬಕ್ಕೆ ನನ್ನ ಕೊಲೆಗಾತಿ ಮಾಡ್ತಿದ್ಯಲ್ಲೋ" ಎಂದು ಅತ್ತಳು. ಕಬ್ಬಿಣ ಎಂಬ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಕಾಲು ಉಳಿಯಿತು. ಹಿಮ್ಮಡಿಯಲ್ಲಿ ಒಂದು ಗುಳಿ ಉಳಿಯಿತು. ಮೂರು ತಿಂಗಳ ಮೇಲೆ ಕೋಲೂರಿಕೊಂಡು ಶಾಲೆಗೆ ಹೋದೆ. ಹೆಡ್‌ಮಾಸ್ಟರು ನಗದೆ, ತಾವೇ ಎದ್ದು ಪ್ರಾರ್ಥನೆಗೆ ನನಗೊಂದು ಕುರ್ಚಿ ಹಾಕಿಸಿದರು. ಗಾಯ ಕಣ್ಣಿಗೆ ಕಾಣುವಂತಿದ್ದರೆ ಎಷ್ಟು ಬೇಗ ಗೌರವ ಸಿಗುತ್ತದೆ ನೋಡಿ! ನನಗೆ ನಾಚಿಕೆಯಾಗಿ, ಆ ಕುರ್ಚಿಯನ್ನು ಎಳೆದುಕೊಂಡು ಕಂಬದ ಹತ್ತಿರ ಹೋದೆ.

"ಮೇಡಂ, ಕುಂತ್ಕಳ್ರಿ."

ಸರೋಜಮ್ಮನವರು ಕುರ್ಚಿ ನೋಡಿದರು, ನನ್ನನ್ನು ನೋಡಿದರು.

"ಹನ್ನೊಂದು ವರ್ಷ ನಿಂತೀನಿ. ರಿಟೈರಾಗಾಕೆ ಇನ್ನು ಎಂಟು ತಿಂಗಳೈತೆ. ಅದಕ್ಕೆ ನಿಮ್ ಕುರ್ಚಿ ಯಾಕೆ? ನೀವು ಕುಂತ್ಕಳ್ರಿ, ಮಕ್ಕಳು ನೋಡ್ಲಿ."

ನಾನೂರು ಮಕ್ಕಳ ಎದುರು ನಾನೊಬ್ಬನೇ ಕೂತೆ. ಅಷ್ಟು ದೀರ್ಘವಾದ ಪ್ರಾರ್ಥನೆಯನ್ನು ಮತ್ತೆ ಕೇಳಿಲ್ಲ. ಅವರು ನನ್ನ ಕಾಲು ಉಳಿಸಿದರು, ನಿಜ. ಆದರೆ ಕ್ಷಮಿಸಲೇಬೇಕೆಂದು ಎಲ್ಲಿ ಬರೆದಿದೆ? ಎಂಟು ತಿಂಗಳೂ ಅವರು ನಿಂತೇ ಇದ್ದರು.

ಅದಾದ ಮೇಲೆ ಕಾಲುನೋವು ಎಂದು ಬಂದ ಮಗುವನ್ನು ಓಡಿಸುವುದು ಬಿಟ್ಟೆ. ಕೂತ್ಕೋ ಎನ್ನುತ್ತಿದ್ದೆ. ಸುದ್ದಿ ಹರಡಿ ಒಂದೇ ವಾರದಲ್ಲಿ ಒಂಬತ್ತನೇ ತರಗತಿಯ ಅರ್ಧಕ್ಕರ್ಧ ಮಕ್ಕಳಿಗೆ ಕಾಲುನೋವು ಬಂತು. ಅವರಲ್ಲಿ ನಿಜವಾಗಿ ನೋವಿದ್ದವರು ಯಾರು, ಕಳ್ಳರು ಯಾರು ಎಂದು ಕಂಡುಹಿಡಿಯಲು ನನಗೆ ಆಗಲಿಲ್ಲ. ಮೊದಲಾದರೂ ಎಲ್ಲಿ ಆಗುತ್ತಿತ್ತು?

ಈಗ ನಿವೃತ್ತನಾಗಿ ದುರ್ಗದಲ್ಲಿದ್ದೇನೆ. ಸೊಂಟದ ನೋವು ಬಿಟ್ಟು ಹೋಗಿಲ್ಲ. ಮೋಡ ಕವಿದರೆ, ಬಸ್ಸು ಹತ್ತಿದರೆ ಮಾತಾಡಿಸುತ್ತದೆ. ದಿನಾ ಬೆಳಿಗ್ಗೆ ಗಿರಿಜೆ ಕನ್ನಡಕ ಹಾಕಿಕೊಂಡು ಮಂಚದ ಕೊನೆಯಲ್ಲಿ ಕೂತು ನನ್ನ ಎರಡೂ ಪಾದಗಳನ್ನು ತಿರುಗಿಸಿ ನೋಡುತ್ತಾಳೆ. ಬೆರಳ ಸಂದಿ ಬಿಡಿಸಿ ನೋಡುತ್ತಾಳೆ. ಹೆಂಡತಿಯ ಕೈಗೆ ಕಾಲು ಕೊಟ್ಟು ಮಲಗುವುದು ಮೊದಲ ದಿನಗಳಲ್ಲಿ ಕತ್ತರಿಗಿಂತ ಕಷ್ಟವಾಗಿತ್ತು.

ಹೊಸದುರ್ಗದಿಂದ ವಾಪಸು ಬಂದ ಮಾರನೆಯ ಬೆಳಿಗ್ಗೆಯೂ ನೋಡಿದಳು. ನೋಡಿ ಮುಗಿಸಿ, ಮಂಚದ ಅಂಚು ಹಿಡಿದು, ಏಳುವ ಮುಂಚೆ ಒಂದು ಕ್ಷಣ ತಡೆದಳು. ದಿನವೂ ಹಾಗೇ ತಡೆಯುತ್ತಿದ್ದಳೇನೋ. ನಾನು ಅವತ್ತೇ ನೋಡಿದ್ದು.

"ನಿಂಗೇನಾರ ನೋವೈತಾ?" ಎಂದು ಕೇಳಿದೆ.

ಗಿರಿಜೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ಮೂವತ್ತು ವರ್ಷ ಆದ್ಮೇಲೆ ಕೇಳ್ತಿದೀರಾ? ಹೇಳಾಕೆ ಶುರು ಮಾಡಿದ್ರೆ ಇವತ್ತು ತಿಂಡಿ ಆಗಲ್ಲ."

"ಆಗದಿದ್ರೆ ಬೇಡ. ಹೇಳು."

ಅವಳು ಎದ್ದು ಒಳಗೆ ಹೋದಳು. ಹೇಳುವುದಿಲ್ಲವೇನೋ ಎಂದುಕೊಂಡೆ. ಮಾತ್ರೆ ನುಂಗಿದವನು ಹಸಿದಿರಬಾರದಲ್ಲ, ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು ತಂದು ನನ್ನ ಕೈಗೆ ಕೊಟ್ಟಳು. ಆಮೇಲೆ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕೂತು, ಶುರು ಮಾಡಿದಳು. ಅವತ್ತು ನಮ್ಮ ಮನೆಯಲ್ಲಿ ಉಪ್ಪಿಟ್ಟು ಆದದ್ದು ಹನ್ನೊಂದೂವರೆಗೆ.